ಅಜ್ಜ ಬೆಳೆಸಿದ ಕೂದಲು

ಫೋಲೊ ಅಜ್ಜನನ್ನು ಮಣ್ಣು ಮಾಡಿದ ಮರುದಿನ, ಭಾನುವಾರ ಬೆಳಿಗ್ಗೆ, ಹಿತ್ತಲಿನಲ್ಲಿ ಮಣೆ ಹಾಕಿ ಮನೆಯವರ ತಲೆ ಬೋಳಿಸಲು ಶುರುಮಾಡಿದರು. ಜೂನ್ ಎಂದರೆ ಆ ಬೆಟ್ಟದ ನಾಡಿನಲ್ಲಿ ನಡುಚಳಿಗಾಲ. ನೆಲದ ಮೇಲೆ ಬಿದ್ದ ಇಬ್ಬನಿ ಉಪ್ಪು ಚೆಲ್ಲಿದ ಹಾಗೆ ಹೆಪ್ಪುಗಟ್ಟಿತ್ತು. ಸೂತಕದ ತಲೆ ಬೋಳಿಸುವುದಕ್ಕೆ ಒಂದು ಸರದಿಯಿದೆ. ಹಿರಿಯರದ್ದು ಮೊದಲು, ಕಿರಿಯರದ್ದು ಕೊನೆಗೆ, ನಡುವೆ ಯಾರನ್ನೂ ದಾಟುವಂತಿಲ್ಲ. ತೆಗೆದ ಕೂದಲನ್ನು ಸತ್ತವರ ಪಾಲೆಂದು ಬಟ್ಟೆಯಲ್ಲಿ ಕಟ್ಟಿ ಮಣ್ಣಿನಲ್ಲಿ ಹೂಳುತ್ತಾರೆ.

ಮೊದಲು ಅಜ್ಜಿ ಕೂತಳು. ಕೈಹಿಡಿದು ಐವತ್ತೆರಡು ವರ್ಷವಾದ ಗಂಡನೇ ಹೋದ ಮೇಲೆ ಕೂದಲೇನು ಮಹಾ ಅನ್ನುವ ಹಾಗೆ ಕಣ್ಣು ಮುಚ್ಚಿಕೊಂಡಳು. ಅವಳ ತಲೆಯನ್ನು ಹಿರಿಮಗಳು ಪುಲೆಂಗ್ ಬೋಳಿಸಿದಳು. ಪುಲೆಂಗಳ ತಲೆಯನ್ನು ತಮ್ಮ ಸೆಚಾಬಾ ಬೋಳಿಸಿದ. ಆಮೇಲೆ ಕತ್ತಿ ಮತ್ತೆ ಪುಲೆಂಗಳ ಕೈಗೆ ಬಂತು, ಅಲ್ಲೇ ಉಳಿಯಿತು. ಸೆಚಾಬಾನದ್ದಾಯಿತು. ಅವನ ಹೆಂಡತಿ ಮಾತೆಬೊಹೊ ಕೂತಾಗ ಅವಳ ಗಿಡ್ಡ ಕೂದಲಿನಲ್ಲಿ ಗಾರ್ಮೆಂಟ್ಸ್ ಫ್ಯಾಕ್ಟರಿಯ ನೀಲಿ ದಾರದ ಎಳೆ ಇನ್ನೂ ಸಿಕ್ಕಿಕೊಂಡಿತ್ತು.

"ನಿನ್ನದು ನಿಮಿಷದ ಕೆಲಸ ಕಣೆ," ಎಂದಳು ಪುಲೆಂಗ್, ಕತ್ತಿಯನ್ನು ನೀರಿಗದ್ದುತ್ತಾ. "ಇರೋದೇ ಒಂದು ಹಿಡಿ. ಹೋಗು, ಮಗಳನ್ನ ಕರಕೊಂಡು ಬಾ."

ಮಗಳು ಕೆನೆವೆ ಬರಲಿಲ್ಲ. ಅಜ್ಜ ಮಲಗುತ್ತಿದ್ದ ದುಂಡು ಗುಡಿಸಲಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಿದ್ದಳು. ಮಾತೆಬೊಹೊ ಎರಡು ಸಲ ಕರೆದಳು. ಮೂರನೆಯ ಸಲ ಪುಲೆಂಗಳೇ ಬಂದು ಬಾಗಿಲು ತಟ್ಟಿದಳು.

"ಬಾಗಿಲು ತೆಗಿಯೇ. ನಿನ್ನ ಸರದಿ ಬಂದಿದೆ."

"ನಾನು ಬೋಳಿಸ್ಕೊಳ್ಳಲ್ಲ ಅತ್ತೆ."

"ನಿನ್ನ ಇಷ್ಟ ಯಾರು ಕೇಳಿದ್ರು? ಸತ್ತಿರೋದು ನಮ್ಮಪ್ಪ."

"ಇದನ್ನ ಬೆಳೆಸಿದ್ದು ನಮ್ಮಜ್ಜ."

ಆ ಕೂದಲಿನ ಬಗ್ಗೆ ಇಲ್ಲೇ ನಾಲ್ಕು ಮಾತು ಹೇಳಿಬಿಡುವುದು ಒಳ್ಳೆಯದು. ಗಡಿಯಂಚಿನ ಮಪುತ್ಸೊವೆ ಊರಿನ ಆ ಗುಡ್ಡದ ಬೀದಿಯಲ್ಲಿ ಅಂಥ ಕೂದಲು ಇನ್ನೊಬ್ಬಳಿಗಿರಲಿಲ್ಲ. ಹೊಟ್ಟೆಕಿಚ್ಚಿನವರೂ ಇದನ್ನು ಒಪ್ಪುತ್ತಿದ್ದರು. ಒಣಗಿದ್ದಾಗ ಸಣ್ಣ ಸಣ್ಣ ಸುರುಳಿಯಾಗಿ ಕಿವಿ, ಕುತ್ತಿಗೆ, ಭುಜ ತುಂಬಿಕೊಂಡು ನಿಲ್ಲುವುದು. ಒದ್ದೆ ಮಾಡಿ ಒಂದು ಎಳೆಯನ್ನು ಹಿಡಿದೆಳೆದರೆ ಸೊಂಟ ಮುಟ್ಟುವುದು, ಬಿಟ್ಟರೆ ಓಡಿಹೋಗಿ ಮತ್ತೆ ಸುರುಳಿ ಸುತ್ತಿಕೊಳ್ಳುವುದು. ಬುಡದಿಂದ ತುದಿಯವರೆಗೆ ಒಂದು ಸೀಳಿಲ್ಲ, ಮುರಿದದ್ದಿಲ್ಲ. ಬಿಗಿಯಾಗಿ ಹೆಣೆದು ಹೆಣೆದು ಬೇರೆ ಹುಡುಗಿಯರ ಹಣೆಯಂಚು ಬೋಳಾಗಿರುವಾಗ ಇವಳದ್ದು ಎಳೆಮಗುವಿನದ್ದರ ಹಾಗೆ ದಟ್ಟವಾಗಿತ್ತು. ಹದಿಮೂರು ವರ್ಷದ ಆ ಹುಡುಗಿ ಬೀದಿ ನಲ್ಲಿಗೆ ನೀರಿಗೆ ಬಂದರೆ ಸಾಲಿನಲ್ಲಿ ನಿಂತ ಹೆಂಗಸರು ಮಾತು ಬಿಟ್ಟು ನೋಡುತ್ತಿದ್ದರು.

ಅದನ್ನು ಬೆಳೆಸಿದ್ದು ಒಬ್ಬ ಗಂಡಸು, ಅದೂ ಗಣಿಯಾಳು. ಇಪ್ಪತ್ತೊಂಬತ್ತು ವರ್ಷ ಗಡಿಯಾಚೆಯ ಚಿನ್ನದ ಗಣಿಯಲ್ಲಿ ಬಂಡೆ ಕೊರೆದು, ಎದೆ ತುಂಬ ದೂಳು ತುಂಬಿಕೊಂಡು ಫೋಲೊ ಅಜ್ಜ ಮನೆಗೆ ಬಂದಾಗ ಕೆನೆವೆಗೆ ಮೂರು ವರ್ಷ. ಮಾತೆಬೊಹೊ ನಸುಕಿನಲ್ಲಿ ಫ್ಯಾಕ್ಟರಿಗೆ ಹೊರಟರೆ ಬರುವುದು ಕತ್ತಲಾದ ಮೇಲೆ. ಅಜ್ಜಿಯ ಬೆರಳುಗಳು ವಾತಕ್ಕೆ ಸೊಟ್ಟಗಾಗಿದ್ದವು. ಮಗುವಿನ ತಲೆ ಗಂಟುಗಟ್ಟಿ ಕಂಬಳಿಯ ಹಾಗಾಗಿತ್ತು. ಬೋಳಿಸಿಬಿಡಿ ಎಂದು ಎಲ್ಲರೂ ಹೇಳಿದರು. ಅಜ್ಜ ಒಬ್ಬನೇ, "ನಾನು ಕೆಲಸ ಇಲ್ದೆ ಕೂತಿದ್ದೀನಿ. ಆ ತಲೆ ನನಗೆ ಕೊಡಿ," ಎಂದ.

ನಗುವವರು ನಕ್ಕರು. ಅಜ್ಜ ತಲೆ ಕೆಡಿಸಿಕೊಳ್ಳಲಿಲ್ಲ. ಕಂಬಳಿ ಹೊದ್ದು, ಹುಲ್ಲಿನ ಟೋಪಿ ಇಟ್ಟು, ಪೇಟೆಯಲ್ಲಿ ಕೂದಲು ಹೆಣೆಯುವ ಹೆಂಗಸರ ಮುಂದೆ ಕಲ್ಲಿನ ಮೇಲೆ ಕೂತು ಎರಡು ದಿನ ಸುಮ್ಮನೆ ನೋಡಿದ. ಮೂರನೆಯ ದಿನ ಮನೆಗೆ ಬಂದು ಕಾಡು ಆಲಿವ್ ಮರದ ತುಂಡಿನಿಂದ ತಾನೇ ಒಂದು ಬಾಚಣಿಗೆ ಕೆತ್ತಿದ. ಹಲ್ಲುಗಳ ನಡುವೆ ಬೆರಳು ತೂರಬೇಕು, ಅಷ್ಟು ಅಗಲ. ಒಣಗಿದ ಸುರುಳಿಗೆ ಬಾಚಣಿಗೆ ಹಾಕಿದರೆ ಅದು ಮುರಿಯುತ್ತದೆ ಎಂಬುದನ್ನು ಅವನು ಮಗುವಿನ ಅಳುವಿನಿಂದಲೇ ಕಲಿತ. ಆಮೇಲೆ ಪ್ರತಿ ಶನಿವಾರ ಬೆಳಿಗ್ಗೆ ಹುಳಿ ಅಂಬಲಿ ಕುಡಿದು ಕೂತರೆ ಮಧ್ಯಾಹ್ನದವರೆಗೆ ಅದೇ ಕೆಲಸ. ಉಗುರುಬೆಚ್ಚಗಿನ ನೀರು, ಹಿತ್ತಲಿನ ಲೋಳೆಸರದ ಲೋಳೆ, ಹರಳೆಣ್ಣೆ. ತಲೆಯನ್ನು ಎಂಟು ಭಾಗ ಮಾಡಿ ಒಂದೊಂದನ್ನೂ ಮೊದಲು ಬೆರಳಿನಿಂದ, ಆಮೇಲೆ ಬಾಚಣಿಗೆಯಿಂದ, ತುದಿಯಿಂದ ಬುಡಕ್ಕೆ ಬಿಡಿಸುತ್ತಿದ್ದ. ಅವಸರ ಮಾಡು ಎಂದವರಿಗೆ, "ಅವಸರ ಮಾಡಿದೋನ ಮೇಲೇ ಬಂಡೆ ಬೀಳೋದು," ಎನ್ನುತ್ತಿದ್ದ.

ಶಾಲೆಗೆ ಸೇರಿಸುವಾಗ ಮುಖ್ಯೋಪಾಧ್ಯಾಯಿನಿ ಹೆಣ್ಣುಮಕ್ಕಳ ತಲೆ ಬೋಳಿಸಿರಲೇಬೇಕು ಎಂದರು. ಅಜ್ಜ ಟೋಪಿ ತೆಗೆದು ಕೈಯಲ್ಲಿ ಹಿಡಿದು, "ಅಮ್ಮಾ, ಪ್ರತಿ ಸೋಮವಾರ ನೀವೇ ನೋಡಿ. ಒಂದೇ ಒಂದು ಹೇನು ಸಿಕ್ಕಿದ್ರೆ ಅವಳದ್ದೂ ಬೋಳಿಸಿ, ನನ್ನ ಗಡ್ಡಾನೂ ಬೋಳಿಸಿ," ಎಂದ. ಆ ಅಮ್ಮ ಒಂದು ವರ್ಷ ಪ್ರತಿ ಸೋಮವಾರ ನೋಡಿದರು. ಎರಡನೆಯ ವರ್ಷ ನೋಡುವುದನ್ನು ಬಿಟ್ಟು ತಮ್ಮ ಮಗಳ ತಲೆಗೆ ಏನು ಹಚ್ಚಬೇಕು ಎಂದು ಕೇಳಲು ಶುರುಮಾಡಿದರು.

ಈಗ ಆ ಕೂದಲು ಅಡಗಿದ್ದ ಗುಡಿಸಲಿನ ಬಾಗಿಲಲ್ಲಿ ಪುಲೆಂಗ್ ಕತ್ತಿ ಹಿಡಿದು ನಿಂತಿದ್ದಳು.

"ಸೆಚಾಬಾ, ಬಾಗಿಲು ಮುರಿಯೋ."

ಸೆಚಾಬಾ ಬಾಡಿಗೆ ವ್ಯಾನು ಓಡಿಸುವವನು. ಜಗಳದಲ್ಲಿ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡುವುದು ಅವನ ಹುಟ್ಟುಗುಣ. "ಮುರಿಯೋದೇನು, ಮುರೀಬಹುದು ಅಕ್ಕ. ಮತ್ತೆ ಕೂರಿಸೋಕೆ ಬಡಗಿ ಬೇಕಾಗುತ್ತೆ. ಹಾಗಂತ ಹೀಗೇ ಬಿಡೋಕೂ ಆಗಲ್ಲ."

"ಥೂ, ನಿನ್ನ."

ಆಗ ಅಜ್ಜಿ ಬಿಸಿಲಿನಲ್ಲಿ ಕೂತಲ್ಲಿಂದಲೇ ಕೇಳಿದಳು. "ಪುಲೆಂಗ್, ತೆಬೊಹೊನದ್ದಾಯ್ತಾ?"

ತೆಬೊಹೊ ಮಾತೆಬೊಹೊಳ ಚೊಚ್ಚಲ ಮಗ. ಅವನ ಹೆಸರಿನಿಂದಲೇ ಅವಳು ಊರಿಗೆಲ್ಲ ಮಾತೆಬೊಹೊ, ತೆಬೊಹೊನ ತಾಯಿ. ಗಡಿಯಾಚೆ ಒಂದು ತೋಟದಲ್ಲಿ ಕೂಲಿಗಿದ್ದವನು ಒಂದೇ ದಿನದ ರಜೆಯಲ್ಲಿ ಬಂದು, ಅಜ್ಜನಿಗೆ ಮಣ್ಣು ಹಾಕಿ, ಸಂಜೆಯ ಬಸ್ಸಿಗೇ ಹೊರಟುಹೋಗಿದ್ದ.

"ಅವನೆಲ್ಲಿದ್ದಾನಮ್ಮ? ನಿನ್ನೆನೇ ಹೋದನಲ್ಲ."

"ಮತ್ತೆ ಅಣ್ಣನ ತಲೇಲಿ ಕೂದಲಿರುವಾಗ ತಂಗಿ ತಲೆ ಬೋಳಿಸ್ತೀಯಾ? ಸರದಿ ಸರದಿ ಅಂತ ನಿನ್ನೆಯಿಂದ ಬಾಯಿ ಬಡ್ಕೊಳ್ತಿರೋಳು ನೀನೇ."

ಪುಲೆಂಗ್ ಕತ್ತಿಯನ್ನು ಒರೆಸಿ ಬಟ್ಟೆಯಲ್ಲಿ ಸುತ್ತಿದಳು. "ಆಯ್ತು. ತಿಂಗಳಾದ ಮೇಲೆ ಸೂತಕದ ಕಪ್ಪುಬಟ್ಟೆ ತೆಗೆಯೋಕೆ ಅವನು ಬರಲೇಬೇಕು. ಅವತ್ತು ಅವನದ್ದು, ಅವನ ಹಿಂದೆ ಇವಳದ್ದು. ನಾನು ಅಲ್ಲೀವರೆಗೂ ಎಲ್ಲೂ ಹೋಗಲ್ಲ."

ಹಾವೂ ಸಾಯದ, ಕೋಲೂ ಮುರಿಯದ ಆ ಮಾತನ್ನು ಮುದುಕಿ ಬೇಕೆಂದೇ ಆಡಿದಳೋ, ನಿಜವಾಗಿ ಸರದಿಯ ಚಿಂತೆಯಿಂದ ಆಡಿದಳೋ ಎಂದು ಮಾತೆಬೊಹೊಗೆ ಆ ದಿನ ಗೊತ್ತಾಗಲಿಲ್ಲ.

ಪುಲೆಂಗ್ ಹೇಳಿದಂತೆಯೇ ಉಳಿದಳು. ಗಡಿಯಾಚೆ ಒಂದು ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಬೇಯಿಸಿ ಹಾಕಿದ ಕೈ ಅವಳದ್ದು. ಎರಡನೆಯ ದಿನಕ್ಕೇ ತಮ್ಮನ ಮನೆಯ ಒಲೆ ಅವಳದ್ದಾಯಿತು. ಅವಳ ಜೋಳದ ಮುದ್ದೆ ಗಟ್ಟಿ, ಸೊಪ್ಪಿನಲ್ಲಿ ಉಪ್ಪು ಹದ. ಫ್ಯಾಕ್ಟರಿಯಿಂದ ಬಂದಾಗ ಬಿಸಿ ಊಟ ಸಿಗುತ್ತಿದ್ದುದು ಮಾತೆಬೊಹೊಗೆ ಹದಿನೆಂಟು ವರ್ಷದ ಸಂಸಾರದಲ್ಲಿ ಇದೇ ಮೊದಲು. ಆದರೆ ಊಟದ ಜೊತೆಗೆ ನಂಚಿಕೊಳ್ಳಲು ಮಾತೂ ಇರುತ್ತಿತ್ತು.

"ಮುದ್ದೇಲಿ ಕೂದಲು ಸಿಕ್ಕಿದ್ರೆ ಯಾರದ್ದು ಅಂತ ಈ ಮನೇಲಿ ಯಾರೂ ಕೇಳಬೇಕಾಗಿಲ್ಲ," ಎಂದಳು ಒಂದು ಸಂಜೆ. "ಉಳಿದೋರದ್ದೆಲ್ಲ ಬೋಳು."

"ಸಿಕ್ಕಿದ್ಯಾ ಅತ್ತೆ?" ಎಂದು ಕೇಳಿದಳು ಕೆನೆವೆ.

"ಸಿಕ್ಕಿದ್ರೆ ಅಂದೆ."

"ಸಿಕ್ಕಲ್ಲ. ಅಡುಗೆಮನೆಗೆ ಬಟ್ಟೆ ಕಟ್ಟಿಕೊಂಡೇ ಬರ್ತೀನಿ."

"ನೋಡಿದ್ಯೇನಮ್ಮ, ಈ ನಾಲಿಗೆ? ಅಪ್ಪ ಕೂದಲಿನ ಜೊತೆ ಇದನ್ನೂ ಉದ್ದ ಬೆಳೆಸಿ ಹೋಗಿದ್ದಾರೆ."

ಅಜ್ಜಿ ಮುದ್ದೆ ಮುರಿಯುತ್ತಲೇ ಇದ್ದಳು. ಸೆಚಾಬಾ ಇನ್ನೊಂದು ಸ್ವಲ್ಪ ಸೊಪ್ಪು ಹಾಕು ಎಂದ.

ಮೊದಲ ಶನಿವಾರ ಕೆನೆವೆ ತಾನೇ ತಲೆ ತೊಳೆದುಕೊಂಡಳು. ಎದುರಿನ ಭಾಗವೇನೋ ಅಜ್ಜ ಮಾಡಿದ ಹಾಗೇ ಬಂತು. ಹಿಂದಲೆಗೆ ಕಣ್ಣೂ ಇಲ್ಲ, ಕೈಯೂ ಸಾಲದು. ಎರಡನೆಯ ವಾರದ ಹೊತ್ತಿಗೆ ಕುತ್ತಿಗೆಯ ಮೇಲುಗಡೆ ಗಂಟು ಬಿದ್ದಿತ್ತು. ಭಾನುವಾರ ಇಗರ್ಜಿಯಿಂದ ಬಂದ ಮೇಲೆ ಮಾತೆಬೊಹೊ ಮಗಳನ್ನು ಕೂರಿಸಿಕೊಂಡಳು. ಎಷ್ಟು ವರ್ಷವಾಗಿತ್ತೋ ಅವಳು ಆ ತಲೆ ಮುಟ್ಟಿ. ದಿನಕ್ಕೆ ಹನ್ನೊಂದು ಗಂಟೆ ಜೀನ್ಸ್ ಪ್ಯಾಂಟಿನ ಜೇಬು ಹೊಲಿದು ಕೈಗೆ ಒಂದು ವೇಗ ಅಂಟಿತ್ತು. ಆ ವೇಗದಲ್ಲೇ, ಗಂಟು ಕಂಡಲ್ಲಿ, ಬುಡದಿಂದ ಕೆಳಕ್ಕೆ ಬಾಚಣಿಗೆ ಎಳೆದಳು.

ಕೆನೆವೆ ಕಿರುಚಿದಳು. ಬಾಚಣಿಗೆಯ ಹಲ್ಲಿನಲ್ಲಿ ಕೋಳಿಮೊಟ್ಟೆಯಷ್ಟು ದಪ್ಪ ಕೂದಲಿನ ಉಂಡೆ ಬಂದಿತ್ತು.

"ಅಮ್ಮಾ, ನೀರು ಹಾಕದೆ ಯಾರಾದ್ರೂ ಬಾಚ್ತಾರಾ?"

"ನಂಗೇನು ಗೊತ್ತೇ?"

"ಹತ್ತು ವರ್ಷ ಅಜ್ಜ ಇದೇ ಅಂಗಳದಲ್ಲಿ ಮಾಡ್ತಿದ್ರಲ್ಲ, ಒಂದ್ಸಲಾನೂ ನೋಡಿಲ್ವಾ?"

ಮಾತೆಬೊಹೊಗೆ ಕೆನ್ನೆಗೆ ಹೊಡೆದ ಹಾಗಾಯಿತು. ಪುಲೆಂಗ್ ಬಾಗಿಲಿಗೆ ಬಂದು ನಿಂತಿದ್ದಳು.

"ನೋಡು. ಹಡೆದೋಳಿಗೇ ಕೈಗೆ ಬಗ್ಗದ ತಲೆ. ಇನ್ನೆರಡು ವಾರ ಹೀಗೇ ಬಿಟ್ರೆ ಕತ್ತಿಗೆ ಕೆಲಸಾನೇ ಇರಲ್ಲ."

"ನನ್ನ ಕೈಗೆ ಬಗ್ಗಲ್ಲ ಅಕ್ಕ, ನಿಜ," ಎಂದಳು ಮಾತೆಬೊಹೊ. ನಾದಿನಿಗೆ ಅವಳು ಎದುರು ಮಾತಾಡಿದ್ದು ಅಪರೂಪ. "ಮಾವ ಮಾಡ್ತಿದ್ರು, ನಾನು ಬಂದು ನೋಡಿ ಸಂತೋಷ ಪಡ್ತಿದ್ದೆ. ನನ್ನ ಮಗಳ ತಲೆ ನೋಡಿ ನನ್ನ ಲೈನಿನ ಹೆಂಗಸರೆಲ್ಲ ಹೊಗಳೋರು. ಸುಮ್ಮನೆ ಹೊಗಳಿಸಿಕೊಂಡೆ. ಕಲೀಲಿಲ್ಲ. ಅದು ನನ್ನ ತಪ್ಪು, ಕೂದಲಿನ ತಪ್ಪಲ್ಲ."

ಪುಲೆಂಗ್ ಒಳಗೆ ಹೋದಳು. ಅಜ್ಜಿ ತನ್ನ ಸೊಟ್ಟ ಬೆರಳನ್ನು ಗಾಳಿಯಲ್ಲಿ ಆಡಿಸಿ ಸೊಸೆಯನ್ನು ಹತ್ತಿರ ಕರೆದಳು.

"ಆ ಪಾತ್ರೇಲಿ ನೀರು ಬಿಸಿ ಮಾಡ್ಕೊಂಡು ಬಾ. ಕೈಗೆ ಹಿತ ಇದ್ರೆ ತಲೆಗೂ ಹಿತ. ಮೊದಲು ನೀರು, ಆಮೇಲೆ ಲೋಳೆ, ಆಮೇಲೆ ಬೆರಳು. ಬಾಚಣಿಗೆ ಎಲ್ಲಾದಕ್ಕಿಂತ ಕೊನೆಗೆ. ಬುಡಾನ ಒಂದು ಕೈಲಿ ಹಿಡ್ಕೋ, ಎಳೆದಿದ್ದು ನಿನ್ನ ಕೈಗೆ ಗೊತ್ತಾಗಬೇಕು, ಅವಳ ನೆತ್ತಿಗೆ ಗೊತ್ತಾಗಬಾರದು. ಕೈ ನಂದು ಕೆಟ್ಟಿದೆ, ಕಣ್ಣು ಕೆಟ್ಟಿಲ್ಲ. ಆ ಮನುಷ್ಯ ಮಾಡಿದ್ದೆಲ್ಲ ನೋಡಿದ್ದೀನಿ."

ಆ ದಿನ ಒಂದು ಗಂಟು ಬಿಡಿಸಲು ಮಾತೆಬೊಹೊಗೆ ಒಂದು ಗಂಟೆ ಹಿಡಿಯಿತು. ಎಂಟರಲ್ಲಿ ಎರಡು ಭಾಗ ಮುಗಿಯುವಷ್ಟರಲ್ಲಿ ಬಿಸಿಲು ಹೋಯಿತು. ಆದರೆ ಬಿಡಿಸಿದ ಎರಡು ಭಾಗ ಅಂಗೈಯಲ್ಲಿ ಮೆತ್ತಗೆ, ತೇವವಾಗಿ, ಸುರುಳಿ ಸುರುಳಿಯಾಗಿ ಬಿದ್ದಾಗ ಅವಳಿಗೆ ಮಾವನ ಮೇಲೆ ಹೊಸದಾಗಿ ಗೌರವ ಹುಟ್ಟಿತು. ಬದುಕಿದ್ದಾಗ ಇಟ್ಟಿದ್ದ ಗೌರವ ಏನೇನೂ ಸಾಲದು ಅನ್ನಿಸಿತು.

ಮುದುಕಿಯ ಗುಟ್ಟೂ ಆ ವಾರವೇ ಬಯಲಾಯಿತು. ಬುಧವಾರ ಬೆಳಿಗ್ಗೆ ಮಾತೆಬೊಹೊ ಕೆಲಸಕ್ಕೆ ಹೊರಟಾಗ ಅಜ್ಜಿ ಗುಡಿಸಲಿನ ಹಿಂದೆ ನಿಂತು ಫೋನಿನಲ್ಲಿ ಮೊಮ್ಮಗನ ಜೊತೆ ಮಾತಾಡುತ್ತಿದ್ದಳು. ಕಿವಿ ಮಂದವಾದ್ದರಿಂದ ಅವಳ ಗುಟ್ಟು ಬೇಲಿಯಾಚೆಗೂ ಕೇಳುತ್ತಿತ್ತು.

"ಈ ಶನಿವಾರ ರಜೆ ಕೊಟ್ರಾ? ಕೊಟ್ರೆ ಕೊಡಲಿ, ಬರಬೇಡ. ಬಂದ್ರೆ ಕಾಲು ಮುರೀತೀನಿ. ತಿಂಗಳು ತುಂಬಿದ ಮೇಲೇ ಬಾ… ಯಾಕೆ ಅಂತ ಕೇಳಬೇಡ. ನಿನ್ನ ತಂಗಿ ತಲೆ ನಿನ್ನ ತಲೆ ಹಿಂದೆ ನಿಂತಿದೆ."

ತಿರುಗಿ ನೋಡಿದವಳು ಸೊಸೆಯನ್ನು ಕಂಡು ಒಂದಿಷ್ಟೂ ಗಾಬರಿಯಾಗಲಿಲ್ಲ. "ಏನು ನೋಡ್ತೀಯ? ಬಸ್ ಹೋಗುತ್ತೆ, ನಡಿ."

ಮಾತೆಬೊಹೊ ಆ ದಿನ ಮಷೀನಿನ ಮುಂದೆ ಕೂತು ಎರಡು ಮೂರು ಸಲ ತಾನೇ ನಕ್ಕಳು. ಪಕ್ಕದವಳು ಸೂತಕದ ಮನೆಯವಳಿಗೆ ಇದೇನು ನಗು ಎಂದು ಕೇಳಿದಳು.

ಮೂರನೆಯ ಶನಿವಾರ ಫ್ಯಾಕ್ಟರಿಯಲ್ಲಿ ಓವರ್‌ಟೈಮ್. ಬರುವುದಿಲ್ಲ ಎನ್ನುವಂತಿಲ್ಲ. ಹೊರಡುವಾಗ ಮಾತೆಬೊಹೊ ನಾದಿನಿಗೆ, "ಅಕ್ಕ, ಅವಳು ತೊಳ್ಕೊಂಡ್ರೆ ಹಿಂದಲೆಗೆ ಸ್ವಲ್ಪ ನೀರು ಹಾಕಿ, ಅಷ್ಟು ಸಾಕು," ಎಂದಳು.

"ಬೋಳಿಸೋ ತಲೆಗೆ ಶೃಂಗಾರ ಬೇರೆ," ಎಂದಳು ಪುಲೆಂಗ್. ಆದರೆ ಆಗುವುದಿಲ್ಲ ಎನ್ನಲಿಲ್ಲ.

ಹನ್ನೊಂದು ಗಂಟೆಗೆ ಫ್ಯಾಕ್ಟರಿಯಲ್ಲಿ ಕರೆಂಟು ಹೋಯಿತು. ಒಂದು ಗಂಟೆ ಕಾಯಿಸಿ ಎಲ್ಲರನ್ನೂ ಮನೆಗೆ ಕಳಿಸಿದರು. ಮಾತೆಬೊಹೊ ಬೇಲಿಯ ಹತ್ತಿರ ಬಂದವಳು ಅಲ್ಲೇ ನಿಂತಳು. ಬಿಸಿಲು ಬಿದ್ದ ಗೋಡೆಗೆ ಒರಗಿ ಪುಲೆಂಗ್ ಕೂತಿದ್ದಳು. ಅವಳ ಮೊಣಕಾಲುಗಳ ನಡುವೆ, ಮೇಕೆಯ ಚರ್ಮದ ಮೇಲೆ, ಕೆನೆವೆ. ಅರ್ಧ ತಲೆ ಬಿಡಿಸಿ ದಪ್ಪ ದಪ್ಪ ಹೊಸೆದ ಎಳೆಗಳಾಗಿ ಇಳಿಬಿಟ್ಟಿತ್ತು. ಇನ್ನರ್ಧ ಒದ್ದೆಯಾಗಿ ಬಿಸಿಲಿನಲ್ಲಿ ಮಿಂಚುತ್ತಿತ್ತು. ಮುನ್ನೂರು ಮಕ್ಕಳಿಗೆ ಮುದ್ದೆ ತಿರುವಿದ ಆ ದಪ್ಪ ಕೈಗಳು ಒಂದು ಸಣ್ಣ ಗಂಟನ್ನು ಉಗುರಿನ ತುದಿಯಿಂದ ಬಿಡಿಸುತ್ತಿದ್ದವು. ಅಷ್ಟು ನಾಜೂಕಾದ ಕೈ ಎಂದು ಮಾತೆಬೊಹೊಗೆ ಗೊತ್ತಿರಲಿಲ್ಲ. ಆ ಕೈಯವಳಿಗೂ ಗೊತ್ತಿತ್ತೋ ಇಲ್ಲವೋ.

"ನೋಯ್ತಿದ್ಯಾ?"

"ಇಲ್ಲ ಅತ್ತೆ. ನಿಮ್ಮ ಕೈ ಅಜ್ಜನ ಕೈ ಥರಾನೇ ಇದೆ."

"ಮಾತು ಬೇಡ. ಎಣ್ಣೆ ಕೊಡು."

ಕೆನೆವೆ ಎಣ್ಣೆಯ ಬಾಟಲಿಯನ್ನು ಹಿಂದಕ್ಕೆ ಚಾಚಿದಳು.

"ಅಜ್ಜ ನಿಮಗೂ ಹೀಗೇ ಬಾಚ್ತಿದ್ರಾ?"

ಪುಲೆಂಗಳ ಕೈ ನಿಂತಿತು.

"ನಿಮ್ಮಜ್ಜ ವರ್ಷಕ್ಕೊಂದು ಸಲ ಬರೋರು. ಕ್ರಿಸ್‌ಮಸ್‌ಗೆ. ಕಂಬಳಿ ತರೋರು, ಬೂಟು ತರೋರು, ಸಕ್ಕರೆ ಮೂಟೆ ತರೋರು. ಒಂದು ವರ್ಷ, ನಂಗೆ ಆರೋ ಏಳೋ, ಅಪ್ಪ ಬರ್ತಾರೆ ಅಂತ ಅಮ್ಮನ ಹತ್ರ ಹಠ ಹಿಡಿದು ಚೆನ್ನಾಗಿ ತಲೆ ಹೆಣೆಸಿಕೊಂಡು ಬಸ್ಸು ನಿಲ್ಲೋ ಕಡೆ ಹೋಗಿ ನಿಂತಿದ್ದೆ. ಇಳಿದ್ರು. ನನ್ನ ನೋಡಿ, 'ಯಾರ ಮಗಳಮ್ಮ ನೀನು?' ಅಂತ ಕೇಳಿದ್ರು."

ಕೆನೆವೆ ತಿರುಗಲು ಹೋದಳು. ಪುಲೆಂಗ್ ಅವಳ ತಲೆಯನ್ನು ಮುಂದಕ್ಕೇ ಹಿಡಿದಳು.

"ತಪ್ಪು ಅವರದ್ದಲ್ಲ. ಹನ್ನೊಂದು ತಿಂಗಳಲ್ಲಿ ಮಕ್ಕಳು ಬೆಳೆದುಬಿಡ್ತವೆ. ಆದ್ರೂ ಆ ಕೈ ನನ್ನ ತಲೆ ಮೇಲೆ ಬಂದಿದ್ದು ಒಂದು ದಿನಾನೂ ನಂಗೆ ನೆನಪಿಲ್ಲ. ನಾನು ಮದುವೆಯಾಗಿ ಹೋಗಿ ಎಷ್ಟೋ ವರ್ಷ ಆದ ಮೇಲೆ ಅಮ್ಮ ಫೋನಲ್ಲಿ ಹೇಳ್ತಾಳೆ, ನಿಮ್ಮಪ್ಪ ಪ್ರತಿ ಶನಿವಾರ ಮೊಮ್ಮಗಳ ತಲೆ ಬಾಚ್ತಾರೆ ಅಂತ. ನಾನು ಆ ಕಡೆಯಿಂದ ನಕ್ಕೆ. ಫೋನಿಟ್ಟ ಮೇಲೆ ಸಾರಿನ ಪಾತ್ರೆ ಎತ್ತಿ ಗೋಡೆಗೆ ಬಿಸಾಕಿದೆ."

"ನಂಗೊತ್ತಿರಲಿಲ್ಲ ಅತ್ತೆ."

"ಗೊತ್ತಾಗೋ ವಿಷಯ ಅಲ್ಲ ಬಿಡು. ತಲೆ ಬಗ್ಗಿಸು."

ಮಾತೆಬೊಹೊಗೆ ಈ ಹೆಂಗಸಿನ ಮೇಲೆ ಮೂರು ವಾರದಿಂದ ಕೂಡಿಟ್ಟಿದ್ದ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಬೇಲಿಯ ಗೇಟನ್ನು ಬೇಕೆಂದೇ ಸದ್ದು ಮಾಡಿ ತೆಗೆದಳು. ಪುಲೆಂಗ್ ತಕ್ಷಣ ಮುಖ ಗಂಟಿಕ್ಕಿಕೊಂಡು, "ಬಂದ್ಯಾ? ಇವಳ ತಲೆ ಬಾಚ್ತಾ ಕೂತು ನನ್ನ ಸೊಂಟ ಬಿದ್ದೋಯ್ತು. ಮುದ್ದೆ ನೀನೇ ಮಾಡ್ಕೋ," ಎಂದಳು. ಬಾಚಣಿಗೆ ಮಾತ್ರ ಕೆಳಗಿಡಲಿಲ್ಲ.

ನಾಲ್ಕನೆಯ ಶನಿವಾರ ಅವಳೇ ನೀರು ಕಾಯಿಸಿದಳು. ಮಾತೆಬೊಹೊಗೆ ರಜೆಯಿತ್ತು. ಒಂದು ಕಡೆ ನಾದಿನಿ, ಒಂದು ಕಡೆ ಅವಳು, ನಡುವೆ ಹುಡುಗಿ, ಎದುರಿಗೆ ಕೈಸನ್ನೆಯಲ್ಲೇ ತಪ್ಪು ತೋರಿಸುವ ಅಜ್ಜಿ.

"ಎಷ್ಟು ಬಿಗಿ ಮಾಡ್ತೀಯ? ಕಣ್ಣು ಮೇಲಕ್ಕೆ ಹೋಗ್ತಿದೆ ಮಗೂದು," ಎಂದು ಪುಲೆಂಗ್ ಗದರಿದಳು.

"ಜೇಬು ಹೊಲಿಯೋ ಕೈ ಅಕ್ಕ. ಸಡಿಲ ಬಿಟ್ರೆ ಸೂಪರ್‌ವೈಸರ್ ಬಯ್ತಾನೆ."

"ಇಲ್ಲಿ ನಾನು ಬಯ್ತೀನಿ. ಬಿಚ್ಚು."

ಕೆನೆವೆ ನಕ್ಕಳು. ಅಜ್ಜ ಹೋದ ಮೇಲೆ ಆ ಅಂಗಳದಲ್ಲಿ ಅವಳು ನಕ್ಕಿದ್ದು ಅದೇ ಮೊದಲು. ಅದನ್ನು ಕೇಳಿ ಮಾತೆಬೊಹೊಗೆ ಧೈರ್ಯ ಬಂತು.

"ಅಕ್ಕ, ಮುಂದಿನ ವಾರ ತೆಬೊಹೊ ಬರ್ತಾನೆ."

"ಗೊತ್ತು."

"ಮತ್ತೆ…"

"ಮತ್ತೇನು? ಮಾತು ಮಾತೇ. ನಾನು ಹಿರಿಮಗಳು. ಅಪ್ಪನ ಕೆಲಸ ಅರ್ಧಕ್ಕೆ ಬಿಟ್ಟೆ ಅಂತ ನಾಳೆ ಯಾರೂ ಆಡಿಕೋಬಾರದು. ಕೂದಲು ಚೆನ್ನಾಗಿದೆ ಅಂದ್ರೆ ಚೆನ್ನಾಗಿದೆ. ಚೆನ್ನಾಗಿರೋದನ್ನೇ ಕೊಡಬೇಕು ಸತ್ತೋರಿಗೆ, ಮಿಕ್ಕಿದ್ದನ್ನಲ್ಲ."

ಕೆನೆವೆಯ ಭುಜಗಳು ಬಿಗಿಯಾದದ್ದು ಅವಳನ್ನು ಹಿಡಿದಿದ್ದ ಇಬ್ಬರ ಕೈಗೂ ಗೊತ್ತಾಯಿತು.

ತೆಬೊಹೊ ಬಂದ. ಹಿಂದಿನ ದಿನವೇ ಸೆಚಾಬಾ ಒಂದು ಕುರಿ ಕಡಿಸಿದ್ದ. ಮನೆಯವರ ಬಟ್ಟೆಗೆ ಪಿನ್ನು ಹಾಕಿದ್ದ ಕಪ್ಪು ತುಂಡುಗಳನ್ನು ಬೆಳಿಗ್ಗೆ ಒಂದೊಂದಾಗಿ ಬಿಚ್ಚಿದರು. ಅಜ್ಜಿಯದ್ದು ಮಾತ್ರ ಉಳಿಯಿತು, ಗಂಡ ಸತ್ತವಳಿಗೆ ತಿಂಗಳು ಸಾಲದು. ಹಿತ್ತಲಿನಲ್ಲಿ ಮತ್ತೆ ಮಣೆ ಬಿತ್ತು. ತೆಬೊಹೊ ಬಿಸಿಲಿನಲ್ಲಿ ಕಂದಿದ ಕುತ್ತಿಗೆ ಬಗ್ಗಿಸಿ ಕೂತ. ಪುಲೆಂಗ್ ನಾಲ್ಕು ಎಳೆತಕ್ಕೆ ಅವನ ತಲೆಯನ್ನು ಮಡಕೆಯ ತಳದ ಹಾಗೆ ಮಾಡಿದಳು.

ಮಾತೆಬೊಹೊ ಗುಡಿಸಲಿನ ಬಾಗಿಲ ಕಡೆ ನೋಡಿದಳು. ಈ ಸಲ ಚಿಲಕ ಹಾಕಿಕೊಂಡರೆ ತಾನೇ ಹೋಗಿ ಬಾಗಿಲಿಗೆ ಅಡ್ಡ ನಿಲ್ಲುವುದು, ನಾದಿನಿ ಏನು ಬೇಕಾದರೂ ಅನ್ನಲಿ ಎಂದು ಅವಳು ಹಿಂದಿನ ದಿನವೇ ಗಟ್ಟಿ ಮಾಡಿಕೊಂಡಿದ್ದಳು. ಆದರೆ ಬಾಗಿಲು ತೆರೆದೇ ಇತ್ತು. ಕೆನೆವೆ ಯಾರೂ ಕರೆಯದೆ ಹೊರಗೆ ಬಂದಳು. ಹೆಣೆದದ್ದನ್ನೆಲ್ಲ ಬಿಚ್ಚಿದ್ದಳು. ನೀರು ಚಿಮುಕಿಸಿ, ಎಣ್ಣೆ ಹಚ್ಚಿ, ಹಬ್ಬಕ್ಕೆ ಹೊರಟವಳ ಹಾಗೆ ಸುರುಳಿ ಸುರುಳಿಯನ್ನೂ ಬಿಡಿಸಿಕೊಂಡಿದ್ದಳು. ಎಳೆಬಿಸಿಲು ಹಿಂದಿನಿಂದ ಬಿದ್ದು ಒಂದೊಂದು ಎಳೆಯೂ ಕಾಣುತ್ತಿತ್ತು. ಪಾತ್ರೆ ಕೊಡಲು ಬಂದಿದ್ದ ನೆರೆಮನೆಯವಳು ಪಾತ್ರೆ ಹಿಡಿದುಕೊಂಡೇ ನಿಂತಳು.

ಕೆನೆವೆ ಮಣೆಯ ಮೇಲೆ ಕೂತಳು.

"ಬೋಳಿಸಿ ಅತ್ತೆ. ನೀವು ಹೇಳಿದ್ದು ಸರಿ. ಅಜ್ಜನಿಗೆ ಎಲ್ಲರೂ ಕೊಟ್ಟಿದ್ದೀರಿ, ನಾನೊಬ್ಬಳು ಬಚ್ಚಿಟ್ಕೊಳ್ಳೋದು ಸರಿಯಲ್ಲ." ತಲೆ ಬಗ್ಗಿಸಿದಳು. "ಮತ್ತೆ ಬೆಳೆಸೋದು ಹೇಗೆ ಅಂತ ನಂಗೊತ್ತು. ಅಜ್ಜ ಎಲ್ಲಾನೂ ಕಲಿಸಿ ಹೋಗಿದ್ದಾರೆ."

ಪುಲೆಂಗ್ ಕತ್ತಿಯನ್ನು ನೀರಿಗೆ ಅದ್ದಿದಳು. ಎಡಗೈಯನ್ನು ಹುಡುಗಿಯ ನೆತ್ತಿಯ ಮೇಲಿಟ್ಟಳು. ಕೈ ಅಲ್ಲಿ ಬಹಳ ಹೊತ್ತು ಇತ್ತು. ಆಮೇಲೆ ಹಿಂದಲೆಯ ಕೂದಲನ್ನೆಲ್ಲ ಮೇಲಕ್ಕೆತ್ತಿ, ಕುತ್ತಿಗೆಯ ಬುಡದಿಂದ ಒಂದೇ ಒಂದು ಸುರುಳಿಯನ್ನು ಬೆರಳಿಗೆ ಸುತ್ತಿ, ಕತ್ತರಿಸಿ, ತೆಬೊಹೊನ ಕೂದಲಿದ್ದ ಬಟ್ಟೆಯಲ್ಲಿ ಇಟ್ಟಳು.

"ಆಯ್ತು. ಏಳು."

ಮೊದಲು ಬಾಯಿಬಿಟ್ಟವನು ತೆಬೊಹೊ. ಬೋಳುತಲೆಯನ್ನು ಉಜ್ಜಿಕೊಳ್ಳುತ್ತಾ, "ಇದ್ಯಾವ ನ್ಯಾಯ ಅತ್ತೆ? ನಂದು ಬುಡಸಮೇತ ಹೋಯ್ತು, ಇವಳದ್ದು ಒಂದು ಸುರುಳಿ?" ಎಂದ.

"ನಿನ್ನ ತಲೇಲಿ ಇದ್ದಿದ್ದು ನೀನೇ ಬೆಳೆಸಿದ್ದು ಕಣೋ. ಹೋದ್ರೆ ಹೋಗಲಿ." ಪುಲೆಂಗ್ ಕತ್ತಿ ಒರೆಸುತ್ತಿದ್ದಳು. "ನಮ್ಮಪ್ಪ ಇಪ್ಪತ್ತೊಂಬತ್ತು ವರ್ಷ ನೆಲದೊಳಗೆ ಚಿನ್ನ ಅಗೆದ್ರು. ಒಂದು ಗುಲಗಂಜಿ ತೂಕ ಈ ಮನೆಗೆ ಬರಲಿಲ್ಲ, ಎಲ್ಲ ಬೇರೆಯೋರು ತಗೊಂಡು ಹೋದ್ರು. ಅವರ ಕೈಕೆಲಸ ಅಂತ ನಮಗೆ ಉಳಿದಿರೋದು ಇದೊಂದೇ. ಇದನ್ನ ನಾನು ಮಣ್ಣಿಗೆ ಹಾಕಲ್ಲ. ಯಾರಾದ್ರೂ ಆಡಿಕೊಂಡ್ರೆ ಹಿರಿಮಗಳು ಹೇಳಿದ್ಲು ಅಂತ ಹೇಳಿ."

ಅಜ್ಜಿ ಕಂಬಳಿಯ ಅಂಚಿನಿಂದ ಕಣ್ಣೊರೆಸಿಕೊಂಡಳು. ಸೆಚಾಬಾ ಅಕ್ಕನಿಗೂ ಮಗನಿಗೂ ತಲೆಯಾಡಿಸಿ ಕುರಿಯ ಮಾಂಸ ನೋಡಲು ಹೋದ. ಕೆನೆವೆ ಎದ್ದವಳು ಅತ್ತೆಯ ಸೊಂಟವನ್ನು ತಬ್ಬಿಕೊಂಡು ಈಗ ಜೋರಾಗಿ ಅತ್ತಳು.

"ಬಿಡೇ, ಬಿಡು. ಬಿಚ್ಚಿಕೊಂಡು ಬಂದು ನಿಂತಿದ್ದೀಯಲ್ಲ, ಇಷ್ಟನ್ನೂ ಹೆಣೆಯೋರು ಯಾರು? ಕೂತ್ಕೋ," ಎಂದಳು ಪುಲೆಂಗ್.

ಮಾತೆಬೊಹೊ ಒಳಗೆ ಹೋಗಿ ಎಣ್ಣೆ ತಂದಳು. ಹುಡುಗಿಯ ಎಡಗಡೆಗೆ ನೆಲದ ಮೇಲೆ ಕೂತು, "ಈ ಅರ್ಧ ನನಗೆ ಬಿಡಿ ಅಕ್ಕ," ಎಂದು ಕೈಗೆ ಎಣ್ಣೆ ಹಾಕಿಕೊಂಡಳು.